ಬಿಸಾಡುವ ಅಲಗಿನ ಚರಿತ್ರೆ: ಸೇಫ್ಟಿ ರೇಜರ್, ಪೇಟೆಂಟ್ ಮತ್ತು ಒಂದು ದಂತಕಥೆ

ಮುಖಕ್ಷೌರದ ಸಾಧನಗಳ ವಿಷಯದಲ್ಲಿ ಈಚೆಗೆ ಒಂದು ಹಿಮ್ಮುಖ ಚಲನೆ ಕಂಡುಬರುತ್ತಿದೆ. ಎರಡು, ಮೂರು, ಐದು ಅಲಗುಗಳನ್ನು ಪ್ಲಾಸ್ಟಿಕ್ ಗೂಡಿನಲ್ಲಿ ಕೂಡಿಸಿದ ಕಾರ್ಟ್ರಿಡ್ಜ್‌ಗಳನ್ನು ತೊರೆದು, ಒಂದೇ ಬ್ಲೇಡು ಹಾಕುವ ಲೋಹದ ಸೇಫ್ಟಿ ರೇಜರ್‌ಗೆ ಮರಳುವವರು ಇದ್ದಾರೆ. ಹಳೆಯದು ಬಾಳಿಕೆಯ ವಸ್ತು, ಹೊಸದು ಬಳಸಿ ಬಿಸಾಡುವ ವಸ್ತು ಎಂಬುದು ಅವರು ಸಾಮಾನ್ಯವಾಗಿ ಕೊಡುವ ಕಾರಣ. ಈ ವಿಭಜನೆ ನೋಡಲು ಸರಳವಾಗಿದೆಯಾದರೂ ಚರಿತ್ರೆ ಅದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಬಿಸಾಡುವ ಅಲಗನ್ನು ಮನೆಮನೆಗೆ ತಲುಪಿಸಿದ್ದೇ ಆ ಹಳೆಯ ರೇಜರ್. ಹಾಗಾದರೆ ಇವೆರಡರ ನಡುವಣ ನಿಜವಾದ ಅಂತರ ಯಾವುದು ಎಂಬುದು ವಿಚಾರಾರ್ಹ.

ಸೇಫ್ಟಿ ರೇಜರ್‌ಗಿಂತ ಮುಂಚಿನ ಮಡಿಚುವ ಕ್ಷೌರಕತ್ತಿ ಒಂದು ಆಯುಷ್ಯಕ್ಕೆ ಸಾಲುವ ಸಾಧನವಾಗಿತ್ತು. ಅದನ್ನು ಆಗಾಗ ಸಾಣೆ ಹಿಡಿಸಬೇಕಿತ್ತು. ಪ್ರತಿ ಕ್ಷೌರಕ್ಕೂ ಮೊದಲು ಚರ್ಮದ ಪಟ್ಟಿಯ ಮೇಲೆ ಎಳೆದು ಹದಗೊಳಿಸಬೇಕಿತ್ತು. ಅದನ್ನು ಹಿಡಿಯುವ ಕೈಗೂ ಪಳಗಿಕೆ ಬೇಕಿತ್ತು. ಗಾಯದ ಭಯವನ್ನು ನಿವಾರಿಸಲು 18ನೆಯ ಶತಮಾನದ ಉತ್ತರಾರ್ಧದಲ್ಲಿಯೇ ಪ್ಯಾರಿಸ್ಸಿನ ಕತ್ತಿ ತಯಾರಕ ಜಾನ್ ಜಾಕ್ ಪೆರೆ ಅಲಗಿಗೆ ಮರದ ರಕ್ಷಾಕವಚವನ್ನು ಯೋಜಿಸಿದ್ದನು. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಪ್ಫೆ ಸಹೋದರರು ಹಿಡಿಗೆ ಅಡ್ಡಲಾಗಿ ಚಿಕ್ಕ ಅಲಗನ್ನು ಕೂಡಿಸಿದ ರೇಜರ್‌ಗೆ ಪೇಟೆಂಟ್ ಪಡೆದರು. ಆದರೆ ಆ ಅಲಗು ದಪ್ಪವಾದುದು. ಅದನ್ನೂ ಮಸೆದೇ ಬಳಸಬೇಕಿತ್ತು. ಸುರಕ್ಷತೆ ಬಂದಿತ್ತು, ಸಾಣೆ ತಪ್ಪಿರಲಿಲ್ಲ.

ಸಾಣೆಯನ್ನು ತಪ್ಪಿಸಿದ ಹೆಸರು ಕಿಂಗ್ ಕ್ಯಾಂಪ್ ಜಿಲೆಟ್. 1855ರಲ್ಲಿ ವಿಸ್ಕಾನ್ಸಿನ್ ಪ್ರಾಂತದಲ್ಲಿ ಜನಿಸಿದ ಈತ ವೃತ್ತಿಯಿಂದ ಊರೂರು ತಿರುಗುವ ಮಾರಾಟಗಾರ. 1890ರ ದಶಕದಲ್ಲಿ ಈತ ಕೆಲಸ ಮಾಡಿದ್ದು ವಿಲಿಯಂ ಪೇಂಟರ್‌ನ ಕಂಪನಿಯಲ್ಲಿ. ಸೋಡಾ ಬಾಟಲಿಗಳಿಗೆ ಇಂದಿಗೂ ಹಾಕುವ ಅಂಚು ನೆರಿಗೆಯ ತಗಡಿನ ಮುಚ್ಚಳಕ್ಕೆ 1892ರಲ್ಲಿ ಪೇಟೆಂಟ್ ಪಡೆದವನು ಈ ಪೇಂಟರ್. ಒಮ್ಮೆ ಬಳಸಿ ಎಸೆಯುವಂಥ, ಎಸೆದವನು ಮತ್ತೆ ಕೊಳ್ಳಲು ಬರುವಂಥ ವಸ್ತುವೊಂದನ್ನು ಕಂಡುಹಿಡಿ ಎಂದು ಆತ ಸಲಹೆಯಿತ್ತನೆಂದೂ, 1895ರ ಒಂದು ಬೆಳಗ್ಗೆ ಮೊಂಡಾದ ಕತ್ತಿಯ ಮುಂದೆ ನಿಂತಾಗ ರೇಜರಿನ ಕಲ್ಪನೆ ಹೊಳೆಯಿತೆಂದೂ ಜಿಲೆಟ್ ಬರೆದಿದ್ದಾನೆ. ಆ ಬರಹ ಘಟನೆ ಕಳೆದು ಎರಡು ದಶಕಗಳಾದ ಮೇಲಿನದು, ಯಶಸ್ಸು ಕೈಸೇರಿದ ಮೇಲಿನದು ಎಂಬುದನ್ನು ಸಂಶೋಧಕರು ಮರೆಯಬಾರದು.

ಕಲ್ಪನೆ ಹೊಳೆದುದಕ್ಕೂ ಬ್ಲೇಡು ಕೈಗೆ ಬಂದುದಕ್ಕೂ ನಡುವೆ ಎಂಟು ವರ್ಷಗಳಿವೆ. ಕಾಗದದಂತೆ ತೆಳುವಾದ ಉಕ್ಕಿನ ಹಾಳೆಯನ್ನು ಡೊಂಕಾಗದಂತೆ ಕಾಯಿಸಿ ಗಡುಸುಗೊಳಿಸಿ ಹರಿತಗೊಳಿಸುವುದು ಅಸಾಧ್ಯವೆಂದು ಲೋಹತಜ್ಞರು ಭಾವಿಸಿದ್ದರು. ಅದನ್ನು ಸಾಧಿಸಿದವನು ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಓದಿದ್ದ ವಿಲಿಯಂ ನಿಕರ್ಸನ್. 1901ರಲ್ಲಿ ಕಂಪನಿ ಸ್ಥಾಪನೆಯಾಯಿತು. 1903ರಲ್ಲಿ ಮಾರಾಟವಾದದ್ದು ಕೇವಲ 51 ರೇಜರ್‌ಗಳು ಮತ್ತು 168 ಬ್ಲೇಡುಗಳು. ಮರುವರ್ಷ ರೇಜರ್‌ಗಳ ಸಂಖ್ಯೆ 90,884ಕ್ಕೆ ಏರಿತು. 1904ರ ನವೆಂಬರ್ 15ರಂದು ಪೇಟೆಂಟ್ ದೊರೆಯಿತು. ಮೊದಲ ಮಹಾಯುದ್ಧದ ಕೊನೆಯ ವರ್ಷದಲ್ಲಿ ಅಮೆರಿಕದ ಸೈನ್ಯಕ್ಕಾಗಿ 35 ಲಕ್ಷ ರೇಜರ್‌ಗಳೂ 3 ಕೋಟಿ 60 ಲಕ್ಷ ಬ್ಲೇಡುಗಳೂ ಪೂರೈಕೆಯಾದುವು.

ಬ್ಲೇಡಿನ ಹೊದಿಕೆಯ ಮೇಲೆ ಅಚ್ಚಾಗಿ ಜಗತ್ತನ್ನೆಲ್ಲ ಸುತ್ತಿದ ಆ ಮೀಸೆಯ ಮುಖದ ಹಿಂದೆ ಒಬ್ಬ ಆದರ್ಶಲೋಕದ ಕನಸುಗಾರನೂ ಇದ್ದನು. ರೇಜರ್‌ಗಿಂತ ಮುಂಚೆ, 1894ರಲ್ಲಿ, ಜಿಲೆಟ್ ‘ದಿ ಹ್ಯೂಮನ್ ಡ್ರಿಫ್ಟ್’ ಎಂಬ ಗ್ರಂಥವನ್ನು ಪ್ರಕಟಿಸಿದ್ದನು. ವಾಣಿಜ್ಯದ ಪೈಪೋಟಿಯೇ ಸಮಸ್ತ ಅನಿಷ್ಟಗಳ ಮೂಲ. ಉತ್ಪಾದನೆಯೆಲ್ಲವೂ ಜನರೇ ಒಡೆಯರಾದ ಒಂದು ಸಂಸ್ಥೆಗೆ ಸೇರಬೇಕು. ನಯಾಗರ ಜಲಪಾತದ ಶಕ್ತಿಯನ್ನು ಆಧರಿಸಿ ಒಂದು ಮಹಾನಗರ ಏಳಬೇಕು ಎಂಬುದು ಅದರ ಪ್ರತಿಪಾದನೆ. ಕೋಟ್ಯಧೀಶನಾದ ಮೇಲೂ ಆತ ಈ ನಂಬಿಕೆಯನ್ನು ಬಿಡಲಿಲ್ಲ. 1924ರಲ್ಲಿ ‘ದಿ ಪೀಪಲ್ಸ್ ಕಾರ್ಪೊರೇಷನ್’ ಎಂಬ ಗ್ರಂಥವನ್ನು ಹೊರತಂದನು. ಸಮಷ್ಟಿಯ ಒಡೆತನವನ್ನು ಸಾರಿದವನ ಸಂಪತ್ತು ನಿಂತದ್ದು ಮಾತ್ರ ಪೇಟೆಂಟೆಂಬ ಏಕಸ್ವಾಮ್ಯದ ಮೇಲೆ.

ಇಲ್ಲಿ ಒಂದು ಪ್ರಸಿದ್ಧ ದಂತಕಥೆಯನ್ನು ಪರಿಶೀಲಿಸಬೇಕು. ಜಿಲೆಟ್ ರೇಜರನ್ನು ಅಗ್ಗವಾಗಿ ಕೊಟ್ಟು ಬ್ಲೇಡಿನಲ್ಲಿ ಲಾಭ ಗಳಿಸಿದನೆಂದು ವಾಣಿಜ್ಯಶಾಸ್ತ್ರದ ಪುಸ್ತಕಗಳು ಉದಾಹರಿಸುತ್ತ ಬಂದಿವೆ. ಷಿಕಾಗೊ ವಿಶ್ವವಿದ್ಯಾಲಯದ ಕಾನೂನು ವಿದ್ವಾಂಸ ರ‍್ಯಾಂಡಲ್ ಪಿಕರ್ ಮೂಲ ದಾಖಲೆಗಳನ್ನು ಶೋಧಿಸಿ ತೋರಿಸಿದ್ದು ಇದಕ್ಕೆ ವಿರುದ್ಧವಾದ ಚಿತ್ರ. ಪೇಟೆಂಟ್ ಜಾರಿಯಲ್ಲಿದ್ದ 17 ವರ್ಷಗಳಲ್ಲಿ ಜಿಲೆಟ್ ರೇಜರಿನ ಬೆಲೆ 5 ಡಾಲರ್. ಆ ಕಾಲದ ಕಾರ್ಮಿಕನ ವಾರದ ಕೂಲಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು. ಅಗ್ಗದ ರೇಜರ್ ಮಾರಿದವರು ಬೇರೆ ಕಂಪನಿಗಳವರು. ಜಿಲೆಟ್ ಕಂಪನಿ ತನ್ನ ಹಳೆಯ ಮಾದರಿಯನ್ನು 1 ಡಾಲರಿಗೆ ಇಳಿಸಿದ್ದು 1921ರಲ್ಲಿ, ಪೇಟೆಂಟ್ ಮುಗಿಯುವ ಹೊತ್ತಿಗೆ.

1921ರ ಅನಂತರ ನಡೆದುದೇ ನಮ್ಮ ಪ್ರಶ್ನೆಗೆ ಉತ್ತರ. ಎರಡಂಚಿನ ಬ್ಲೇಡಿನ ಮೂಲ ವಿನ್ಯಾಸ ಅಂದಿನಿಂದ ಯಾರೊಬ್ಬರ ಸ್ವತ್ತೂ ಆಗಿ ಉಳಿಯಲಿಲ್ಲ. ಮೂರು ರಂಧ್ರಗಳ ಮೂಲ ಬ್ಲೇಡಿಗೆ ಬದಲಾಗಿ ನಡುವೆ ಉದ್ದನೆಯ ಸೀಳುಳ್ಳ ರೂಪವನ್ನು ರೂಢಿಗೆ ತರುವ ಯತ್ನದಲ್ಲಿ ಜಿಲೆಟ್ ಕಂಪನಿಗೂ ಹೆನ್ರಿ ಗೈಸ್‌ಮನ್‌ನ ಆಟೋಸ್ಟ್ರಾಪ್ ಕಂಪನಿಗೂ ಮತ್ತೆ ಪೇಟೆಂಟ್ ವ್ಯಾಜ್ಯ ಹುಟ್ಟಿತು. 1930ರಲ್ಲಿ ಅದು ವಿಲೀನದಲ್ಲಿ ಕೊನೆಗೊಂಡಿತು. ಕಾಲಕ್ರಮದಲ್ಲಿ ಸೀಳಿನ ರೂಪವೂ ಸರ್ವಸಾಮಾನ್ಯವಾಯಿತು. ಇದರ ಫಲ 1962ರಲ್ಲಿ ಸ್ಪಷ್ಟವಾಗಿ ಕಾಣಿಸಿತು. ಕತ್ತಿ ತಯಾರಿಕೆಗೆ ಹೆಸರಾದ ಬ್ರಿಟನ್ನಿನ ವಿಲ್ಕಿನ್ಸನ್ ಸ್ವೋರ್ಡ್ ಕಂಪನಿ ತುಕ್ಕು ಹಿಡಿಯದ ಉಕ್ಕಿನ ಬ್ಲೇಡನ್ನು ಮಾರುಕಟ್ಟೆಗೆ ತಂದಾಗ, ಜನ ತಮ್ಮ ರೇಜರನ್ನು ಬದಲಿಸಬೇಕಾಗಲಿಲ್ಲ. ಜಿಲೆಟ್ ರೇಜರಿಗೇ ವಿಲ್ಕಿನ್ಸನ್ ಬ್ಲೇಡು ಹಾಕಿಕೊಂಡರು. ಬಹುಕಾಲ ಹರಿತ ಉಳಿಸಿಕೊಳ್ಳುವ ಆ ಬ್ಲೇಡಿನ ಮುಂದೆ ಮೂಲ ಕಂಪನಿಯೂ ಅದೇ ಹಾದಿ ಹಿಡಿಯಬೇಕಾಯಿತು.

1971ರಲ್ಲಿ ಜಿಲೆಟ್ ಕಂಪನಿ ಎರಡಲಗಿನ ‘ಟ್ರ್ಯಾಕ್ 2’ ಕಾರ್ಟ್ರಿಡ್ಜನ್ನು ತಂದಿತು. 1990ರಲ್ಲಿ ‘ಸೆನ್ಸರ್’, 1998ರಲ್ಲಿ ‘ಮ್ಯಾಕ್ 3’, 2006ರಲ್ಲಿ ಐದಲಗಿನ ‘ಫ್ಯೂಷನ್’ ಬಂದುವು. ಕಾರ್ಟ್ರಿಡ್ಜಿನಲ್ಲಿ ಅಲಗಿನ ಕೋನವನ್ನು ಕೈ ನಿರ್ಣಯಿಸಬೇಕಿಲ್ಲ. ಪಳಗದವನೂ ಬೇಗ ಕ್ಷೌರ ಮುಗಿಸಬಹುದು. ಈ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಪ್ರತಿ ಹೊಸ ಪೀಳಿಗೆಯೊಡನೆ ಹಿಡಿಗೂ ತಲೆಗೂ ನಡುವಣ ಜೋಡಣೆಯ ರೂಪಕ್ಕೆ ಹೊಸ ಪೇಟೆಂಟ್ ಬಂದಿತು. ಹಿಡಿ ಯಾರದೋ ಕಾರ್ಟ್ರಿಡ್ಜೂ ಅವರದೇ ಆಗಬೇಕೆಂಬ ಕಟ್ಟು ನೆಲೆಗೊಂಡಿತು. ದಂತಕಥೆ ಹೇಳುವ ವ್ಯಾಪಾರ ಪೂರ್ಣರೂಪಕ್ಕೆ ಬಂದದ್ದು ಜಿಲೆಟ್ 1932ರಲ್ಲಿ ತೀರಿಕೊಂಡು ಎಷ್ಟೋ ಕಾಲವಾದ ಮೇಲೆ.

ಭಾರತದ ಅನುಭವ ಈ ಚರಿತ್ರೆಗೆ ಒಂದು ಅನುಬಂಧದಂತಿದೆ. ಇಲ್ಲಿ ಎರಡಂಚಿನ ಬ್ಲೇಡು ಮನೆಮನೆಯ ವಸ್ತುವಾಗಿಯೇ ಉಳಿದಿತ್ತು. ಭಾರತಕ್ಕೆಂದು ರೂಪಿಸಿದ ಒಂದು ಕಾರ್ಟ್ರಿಡ್ಜ್ ರೇಜರನ್ನು ಜಿಲೆಟ್ ಕಂಪನಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳಿಂದ ಪರೀಕ್ಷಿಸಿ ಕಳುಹಿಸಿತು. ಅಲ್ಲಿ ಅವರಿಗೆ ಹರಿಯುವ ನಲ್ಲಿಯ ನೀರಿತ್ತು. ಇಲ್ಲಿ ಲೋಟದ ನೀರಿನಲ್ಲಿ ಅದ್ದಿದಾಗ ಕೂದಲು ಅಲಗುಗಳ ನಡುವೆ ಸಿಕ್ಕಿಕೊಂಡಿತು. ಬಳಿಕ 2010ರಲ್ಲಿ ಬಂದ ‘ಗಾರ್ಡ್’ ರೇಜರಿನ ಬೆಲೆ 15 ರೂಪಾಯಿ, ಅದರ ಕಾರ್ಟ್ರಿಡ್ಜಿಗೆ 5 ರೂಪಾಯಿ. ಐದಲಗಿನ ಕಾಲದಲ್ಲಿ ಅದಕ್ಕಿದ್ದದ್ದು ಒಂದೇ ಅಲಗು! ಇತ್ತ ನಮ್ಮ ಊರುಗಳ ಕ್ಷೌರಿಕರು ಎರಡಂಚಿನ ಬ್ಲೇಡನ್ನು ಕಾಗದದೊಳಗೇ ನಡುವೆ ಮುರಿದು, ಅರ್ಧವನ್ನು ಮಡಿಚುವ ಹಿಡಿಗೆ ಸೇರಿಸಿ, ಒಬ್ಬೊಬ್ಬರಿಗೆ ಒಂದೊಂದು ಹೊಸ ಅಂಚನ್ನು ಬಳಸುತ್ತಾರೆ. ಯಾವ ಕಂಪನಿಯೂ ಯೋಜಿಸದ ಈ ಬಳಕೆ ಸಾಧ್ಯವಾದುದು ಬ್ಲೇಡಿನ ರೂಪ ಎಲ್ಲರದೂ ಆದುದರಿಂದ.

ಆದುದರಿಂದ ಹಳೆಯ ರೇಜರಿನ ಹಿರಿಮೆಯನ್ನು ಬಾಳಿಕೆಯಲ್ಲಿ ಮಾತ್ರ ಹುಡುಕಿದರೆ ಸಾಲದು. ಅದರ ಬ್ಲೇಡೂ ಕಸವೇ. ಪ್ಲಾಸ್ಟಿಕ್ ಬೆರೆಯದ ಬರಿಯ ಉಕ್ಕಿನ ಕಸ ಎಂಬುದಷ್ಟೇ ವ್ಯತ್ಯಾಸ. ಮುಖ್ಯ ಅಂತರವಿರುವುದು ಒಡೆತನದಲ್ಲಿ. ಇಂದು ಅಂಗಡಿಯಲ್ಲಿ ಕೊಂಡ ಯಾವುದೇ ಕಂಪನಿಯ ಎರಡಂಚಿನ ಬ್ಲೇಡು 1904ರ ಕಾಲದ ಜಿಲೆಟ್ ರೇಜರಿನಲ್ಲಿಯೂ ಕೂರುತ್ತದೆ. ಒಂದೇ ಕಂಪನಿಯ ಎರಡು ಪೀಳಿಗೆಗಳ ಕಾರ್ಟ್ರಿಡ್ಜ್‌ಗಳಿಗೆ ಈ ಮಾತು ಅನೇಕವೇಳೆ ಅನ್ವಯಿಸುವುದಿಲ್ಲ. ಸಮಷ್ಟಿಯ ಒಡೆತನವನ್ನು ಜಿಲೆಟ್ ತನ್ನ ಗ್ರಂಥಗಳ ಮೂಲಕ ಸಾಧಿಸಲಾರದೆ ಹೋದನು. ಆತನ ಪೇಟೆಂಟಿನ ಅವಧಿ ಮುಗಿದಾಗ ಅದು ಬ್ಲೇಡಿನ ಮಟ್ಟಿಗೆ ತಾನಾಗಿ ನೆರವೇರಿತು.