ಮಾತಿಗೊಂದು ಅಂಕಿತ

ಚೆನ್ನೈನ ನುಂಗಂಬಾಕ್ಕಂನಲ್ಲಿ ಕಾಲೇಜು ರಸ್ತೆ ಎಂಬ ಬೀದಿಯೊಂದಿದೆ. ಅಲ್ಲಿ ಮಹಿಳಾ ಕ್ರಿಶ್ಚಿಯನ್ ಕಾಲೇಜು ಇರುವುದರಿಂದ ರಸ್ತೆಗೆ ಆ ಹೆಸರು ಬಂದಿರಬೇಕೆಂದು ನಾವು ಬಹುಕಾಲ ನಂಬಿದ್ದೆವು. ಆದರೆ ಆ ಕಾಲೇಜು ಸ್ಥಾಪನೆಯಾದದ್ದು 1915ರಲ್ಲಿ. ರಸ್ತೆಯ ಹೆಸರಿನ ಮೂಲ ಅದಕ್ಕಿಂತ ಹಳೆಯದು. ಇಂದು ಶಾಲಾ ಶಿಕ್ಷಣ ಇಲಾಖೆಯ ಕಚೇರಿಗಳಿರುವ, ಜನರ ಬಾಯಲ್ಲಿ ಡಿ.ಪಿ.ಐ. ಎನಿಸಿಕೊಂಡಿರುವ ಆವರಣದಲ್ಲಿ ಒಂದು ಕಾಲಕ್ಕೆ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಇತ್ತು. ಅಲ್ಲಿ ತಮಿಳು, ತೆಲುಗು, ಮಲಯಾಳಗಳ ಜೊತೆಗೆ ಕನ್ನಡವನ್ನೂ ಕಲಿಸುತ್ತಿದ್ದರು. ಕಲಿಯುತ್ತಿದ್ದವರು ಮಾತ್ರ ಕನ್ನಡದ ಮಕ್ಕಳಲ್ಲ, ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದಿಳಿದ ಈಸ್ಟ್ ಇಂಡಿಯಾ ಕಂಪನಿಯ ಕಿರಿಯ ಅಧಿಕಾರಿಗಳು.

ಈ ಕಾಲೇಜಿನ ಚರಿತ್ರೆಯತ್ತ ನಮ್ಮನ್ನು ಎಳೆದದ್ದು ಒಂದು ಚಿಕ್ಕ ಪ್ರಯೋಗ. ಚೆನ್ನೈನಲ್ಲಿಯೇ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಮಾತಾಡುವ ರೂಢಿ ತಪ್ಪುತ್ತಿದೆ ಎಂಬ ಕಳವಳದಿಂದ, ಬಳಗದ ಕೆಲವರು ಸೇರಿ ಮೊಬೈಲಿನಲ್ಲಿ ನಡೆಯುವ ಸಂಭಾಷಣೆಯ ಅಭ್ಯಾಸವೊಂದನ್ನು ಕಟ್ಟಲು ಹೊರಟೆವು. ಮಗು ಒಂದು ಮಾತು ಬರೆದರೆ ಅಜ್ಜಿಯೋ, ತರಕಾರಿ ಅಂಗಡಿಯವನೋ, ಬಸ್ಸಿನ ಕಂಡಕ್ಟರೋ ಮರುಮಾತು ಹೇಳಬೇಕು. ತಂತ್ರದ ಭಾಗವನ್ನು ಬಲ್ಲವರು ಬೇಗ ಮುಗಿಸಿದರು. ತೊಡಕಾದದ್ದು ಪಾತ್ರಗಳು. ಅಜ್ಜಿ ಯಾವ ಊರಿನವಳು? ಅವಳನ್ನು ಮಗು ‘ನೀನು’ ಎನ್ನಬೇಕೆ, ‘ನೀವು’ ಎನ್ನಬೇಕೆ? ಧಾರವಾಡದ ‘ರೀ’, ಮಂಗಳೂರಿನ ‘ಮಾರಾಯ್ರೇ’, ಮೈಸೂರಿನ ‘ಕಣೋ’ ಇವುಗಳಲ್ಲಿ ಯಾವುದು ಅವಳ ನಾಲಿಗೆಯದು? ಈ ಪ್ರಶ್ನೆಗಳು ನಮಗೆ ಮಾತ್ರ ಹೊಸವು. ಇದೇ ನಗರದಲ್ಲಿ ಇನ್ನೂರು ವರ್ಷಗಳ ಹಿಂದೆ ಕನ್ನಡ ಬಾರದವರಿಗೆ ಕನ್ನಡದ ಮಾತು ಕಲಿಸಲು ಕುಳಿತವರಿಗೂ ಇವು ಎದುರಾಗಿರಲೇಬೇಕು.

ಸೇಂಟ್ ಜಾರ್ಜ್ ಕೋಟೆಯ ಕಾಲೇಜು 1812ರಲ್ಲಿ ಆರಂಭವಾಯಿತು. ಅದರ ಹಿಂದಿನ ಪ್ರೇರಕಶಕ್ತಿ ಫ್ರಾನ್ಸಿಸ್ ವೈಟ್ ಎಲ್ಲಿಸ್. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮದೇ ಒಂದು ಕುಟುಂಬಕ್ಕೆ ಸೇರಿದವು ಎಂಬುದನ್ನು 1816ರಲ್ಲಿಯೇ, ಕಾಲ್ಡ್‌ವೆಲ್ಲರ ಪ್ರಸಿದ್ಧ ಗ್ರಂಥಕ್ಕೆ ನಾಲ್ವತ್ತು ವರ್ಷ ಮೊದಲು, ಕ್ಯಾಂಬೆಲ್ಲರ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ ಅವರು ತೋರಿಸಿಕೊಟ್ಟರು. ಮದರಾಸಿಗೆ ಕನ್ನಡ ಬೇಕಾಗಿದ್ದುದು ವಿದ್ಯೆಯ ಪ್ರೀತಿಗಾಗಿ ಮಾತ್ರವಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನದೊಡನೆ ಕರಾವಳಿಯ ಕೆನರಾ ಕಂಪನಿಯ ವಶವಾಗಿತ್ತು. ಮರುವರ್ಷ ನಿಜಾಮನಿಂದ ಬಳ್ಳಾರಿಯ ಸೀಮೆ ಬಂದಿತ್ತು. ಕಂದಾಯ ವಸೂಲಿಗೂ ನ್ಯಾಯತೀರ್ಮಾನಕ್ಕೂ ಅಲ್ಲಿನ ರೈತರ ಮಾತು ತಿಳಿಯಬೇಕಿತ್ತು. ಬಳ್ಳಾರಿಯವರಿಗೆ 1953ರವರೆಗೆ, ದಕ್ಷಿಣ ಕನ್ನಡ, ಕಾಸರಗೋಡು, ಕೊಳ್ಳೇಗಾಲದವರಿಗೆ 1956ರವರೆಗೆ ಮದರಾಸೇ ರಾಜಧಾನಿಯಾಗಿತ್ತು ಎಂಬುದನ್ನು ನಾವು, ಇಲ್ಲಿನ ಕನ್ನಡಿಗರೂ, ಮರೆತಿದ್ದೇವೆ.

ಕಾಲೇಜಿನ ಮುದ್ರಣಾಲಯ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಜಾನ್ ಮೆಕೆರೆಲ್ಲರ ಕರ್ಣಾಟಕ ವ್ಯಾಕರಣ 1820ರಲ್ಲಿ ಇಲ್ಲಿ ಅಚ್ಚಾಯಿತು. ಬಳ್ಳಾರಿಯ ಲಂಡನ್ ಮಿಷನ್ನಿನ ವಿಲಿಯಂ ರೀವ್ ಸಿದ್ಧಪಡಿಸಿದ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಹೊರಬಂದವು. ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರ ‘ಹೊಸಗನ್ನಡ ನುಡಿಗನ್ನಡಿ’ ಎಂಬ ವ್ಯಾಕರಣ 1838ರಲ್ಲಿ ಮದರಾಸಿನಲ್ಲಿಯೇ ಪ್ರಕಟವಾಯಿತು. ಹಳಗನ್ನಡದ ಸೂತ್ರಗಳನ್ನು ಬದಿಗಿಟ್ಟು, ಜನ ಆಡುವ ಕನ್ನಡಕ್ಕೂ ಒಂದು ವ್ಯಾಕರಣವುಂಟು ಎಂದು ಹೇಳಿದ ಕೃತಿಯದು.

ವ್ಯಾಕರಣ ಓದಿದವನಿಗೆ ಮಾತು ಬರುವುದಿಲ್ಲ. ಅದಕ್ಕೆ ಎದುರಿಗೊಬ್ಬ ಮನುಷ್ಯ ಬೇಕು. ಆ ಮನುಷ್ಯನೇ ಮುನ್ಷಿ. ಎಳೆಯ ಅಧಿಕಾರಿಯ ಮುಂದೆ ದಿನವೂ ಕುಳಿತು ಒಮ್ಮೆ ಅರ್ಜಿ ತಂದ ರೈತನಂತೆ, ಒಮ್ಮೆ ಲೆಕ್ಕ ಒಪ್ಪಿಸುವ ಶಾನುಭೋಗನಂತೆ ಅವನು ಮಾತಾಡಿರಬೇಕೆಂದು ನಾವು ಊಹಿಸುತ್ತೇವೆ. ನಾವು ಇಂದು ಯಂತ್ರದಿಂದ ಮಾಡಿಸಲು ಹೊರಟಿರುವುದು ಅವನ ಕೆಲಸವನ್ನೇ.

ಇಂತಹ ಮಾತುಗಳನ್ನು ಪುಸ್ತಕಕ್ಕೆ ಇಳಿಸಿದ ಒಂದು ದೊಡ್ಡ ಉದಾಹರಣೆ ಬಂಗಾಳದಲ್ಲಿದೆ. ವಿಲಿಯಂ ಕೇರಿ 1801ರಲ್ಲಿ ಶ್ರೀರಾಂಪುರದಲ್ಲಿ ಬಂಗಾಳಿ ಸಂಭಾಷಣೆಗಳ ಪುಸ್ತಕವೊಂದನ್ನು ಅಚ್ಚು ಹಾಕಿಸಿದರು. ‘ಕಥೋಪಕಥನ’ ಎಂದೇ ಅದು ಪ್ರಸಿದ್ಧ. ಕರ್ಣಾಟಕ ಭಾಷೆಯ ವ್ಯಾಕರಣವೊಂದನ್ನು 1817ರಲ್ಲಿ ಪ್ರಕಟಿಸಿದ ಕೇರಿಯೂ ಇವರೇ. ಆ ಸಂಭಾಷಣೆಗಳಲ್ಲಿ ಸಾಹೇಬ ಆಳನ್ನು ಗೊತ್ತುಮಾಡಿಕೊಳ್ಳುವ ಪ್ರಸಂಗವಿದೆ. ಅಷ್ಟೇ ಆಗಿದ್ದರೆ ಅದನ್ನು ಯಾರೂ ನೆನೆಯುತ್ತಿರಲಿಲ್ಲ. ಸಾಲ ಕೊಟ್ಟವನೂ ಸಾಲಗಾರನೂ ಅಲ್ಲಿದ್ದಾರೆ, ಮದುವೆಯ ಮಾತುಕತೆ ನಡೆಸುವವರಿದ್ದಾರೆ, ಕೂಲಿಯವರಿದ್ದಾರೆ, ಬೀದಿಯಲ್ಲಿ ನಿಂತು ಜಗಳಾಡುವ ಹೆಂಗಸರೂ ಇದ್ದಾರೆ. ತಿಳಿವಳಿಕೆಯುಳ್ಳ ಸ್ಥಳೀಯರಿಂದಲೇ ಈ ಮಾತುಗಳನ್ನು, ಆಯಾ ಜನ ಆಡುವ ಧಾಟಿಯಲ್ಲಿಯೇ ಬರೆಸಿದೆನೆಂದು ಕೇರಿ ಮುನ್ನುಡಿಯಲ್ಲಿ ತಿಳಿಸಿದರು. ಬರೆದವರ ಹೆಸರುಗಳನ್ನು ಮಾತ್ರ ಹೇಳಲಿಲ್ಲ. ಪುಸ್ತಕದ ಮೇಲೆ ಉಳಿದದ್ದು ಕೇರಿಯ ಹೆಸರು. ಜಗಳದ ಆ ಬಿರುಸನ್ನು ಹಾಳೆಗೆ ಇಳಿಸಿದ ಪಂಡಿತರು ಯಾರೆಂಬುದು ವಿದ್ವಾಂಸರ ಊಹೆಗೆ ಬಿಟ್ಟ ವಿಷಯವಾಯಿತು.

ಇಲ್ಲಿ ಎರಡು ಸಂಗತಿಗಳು ನಮ್ಮನ್ನು ತಟ್ಟಿದವು. ಮೊದಲನೆಯದು ಆಜ್ಞೆಯ ಭಾಷೆ. ಆ ಯುಗದ ಅನೇಕ ಕೈಪಿಡಿಗಳಲ್ಲಿ ಕಲಿಯುವವನು ಹೇಳುವುದೆಲ್ಲ ‘ತಾ’, ‘ಹೋಗು’, ‘ಕರೆ’ ಎಂಬ ಮಾತುಗಳೇ. ಎದುರಿನವನಿಗೆ ಒಪ್ಪಿಕೊಳ್ಳುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ಇದನ್ನು ಓದಿ ನಾವು ನಗಲು ಹೋಗಿ, ನಮ್ಮ ಮೊದಲ ಕರಡನ್ನು ತೆಗೆದು ನೋಡಿದೆವು. ನಮ್ಮ ತರಕಾರಿ ಅಂಗಡಿಯವನು ಮಗು ಕೇಳಿದ್ದನ್ನೆಲ್ಲ ಕೊಟ್ಟು, ಹೇಳಿದ ಬೆಲೆಗೆಲ್ಲ ಒಪ್ಪಿ, ಪ್ರತಿ ಮಾತಿಗೂ ‘ಆಗಲಿ’ ಎನ್ನುತ್ತಿದ್ದ. ಅವನು ಅಂಗಡಿಯವನಲ್ಲ, ಸಾಹೇಬನ ಆಳು. ಹೆಚ್ಚುಕಡಿಮೆ ಇದೇ ಅನುಭವ ನಮ್ಮಲ್ಲಿ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿಯುವವರಿಗೆ ಹಿಂದಿ ಕಲಿಯುವಾಗಲೂ ಆಗಿತ್ತು. ಪ್ರಬೋಧ, ಪ್ರವೀಣ, ಪ್ರಾಜ್ಞ ಎಂಬ ಪರೀಕ್ಷೆಗಳನ್ನು ಬರೆದು ಪಾಸಾದೆವು. ಅಂದು ಕಂಪನಿಯ ಅಧಿಕಾರಿಗೆ ಭಾಷಾಪರೀಕ್ಷೆಯಿಂದ ಭತ್ಯೆ ಹೆಚ್ಚುತ್ತಿದ್ದಂತೆ ಇಂದು ನಮಗೂ ಪ್ರೋತ್ಸಾಹಧನ ದೊರೆಯಿತು. ಕಡತದ ಮೇಲೆ ಟಿಪ್ಪಣಿ ಬರೆಯಲು ಬಂತು. ದೆಹಲಿಯ ಆಟೋದವನೊಡನೆ ಚೌಕಾಸಿ ಮಾಡಲು ಬರಲಿಲ್ಲ. ಜಗಳವಾಡಲಾಗದ ಭಾಷೆಯಲ್ಲಿ ಮುನಿಸು ತಿಳಿಯಾಗಿಸುವುದೂ ಸಾಧ್ಯವಾಗುವುದಿಲ್ಲ. ಆದ್ದರಿಂದ ಅಂಗಡಿಯವನನ್ನು ತಿದ್ದಿದೆವು. ಈಗ ಅವನು ‘ಬೆಳಿಗ್ಗೆ ಬೋಣಿ ಹೊತ್ತಿನಲ್ಲಿ ಹೀಗೆ ಕೇಳಿದರೆ ಹೇಗೆ?’ ಎಂದು ಗೊಣಗುತ್ತಾನೆ. ಮಗು ಒಂದು ಮಾತು ಹೆಚ್ಚು ಹುಡುಕಬೇಕಾಗುತ್ತದೆ.

ಎರಡನೆಯ ಸಂಗತಿ ಇನ್ನೂ ಗಂಭೀರವಾದದ್ದು. ಅಜ್ಜಿಯ ಪಾತ್ರವನ್ನು ಚರ್ಚಿಸುತ್ತಿದ್ದಾಗ ನಮ್ಮೊಳಗೊಬ್ಬರು, ತೀರಿಕೊಂಡ ತಮ್ಮ ತಾಯಿ ಬರೆದ ಪತ್ರಗಳ ಕಟ್ಟೊಂದನ್ನು ತಂದು ಮೇಜಿನ ಮೇಲಿಟ್ಟರು. ಅವನ್ನೆಲ್ಲ ಯಂತ್ರಕ್ಕೆ ಓದಿಸಿದರೆ ತಮ್ಮ ಮಗಳು ಕಾಣದ ಅಜ್ಜಿಯೊಡನೆ ಮಾತಾಡಬಹುದಲ್ಲವೇ ಎಂಬುದು ಅವರ ಆಸೆ. ಬಹಳ ಹೊತ್ತು ಯಾರಿಗೂ ಉತ್ತರ ಹೊಳೆಯಲಿಲ್ಲ.

ಈ ಆಸೆಯ ಅಪಾಯವನ್ನು ಮೊದಲು ಕಂಡವರಲ್ಲಿ ಜೋಸೆಫ್ ವೈಜೆನ್‌ಬಾಮ್ ಒಬ್ಬರು. 1966ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿದ್ದುಕೊಂಡು ಅವರು ‘ಎಲೈಜಾ’ ಎಂಬ ಸಂಭಾಷಣೆಯ ಪ್ರೋಗ್ರಾಮನ್ನು ಪ್ರಕಟಪಡಿಸಿದರು. ಬರ್ನಾರ್ಡ್ ಷಾನ ‘ಪಿಗ್ಮೇಲಿಯನ್’ ನಾಟಕದಲ್ಲಿ ಪ್ರೊಫೆಸರನಿಂದ ‘ದೊಡ್ಡವರ’ ಉಚ್ಚಾರಣೆ ಕಲಿಯುವ ಹೂವಾಡಗಿತ್ತಿಯ ಹೆಸರು ಅದು. ಮನೋವೈದ್ಯನ ಪಾತ್ರ ವಹಿಸುತ್ತಿದ್ದ ಆ ಯಂತ್ರಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ನೀವು ಆಡಿದ ಮಾತಿನ ಒಂದು ಪದವನ್ನು ಹಿಡಿದು ಅದನ್ನೇ ಪ್ರಶ್ನೆಯಾಗಿ ತಿರುಗಿಸುತ್ತಿತ್ತು. ಆದರೂ ಅದನ್ನು ಕಟ್ಟಿದ ಬಗೆಯನ್ನು ಬಲ್ಲ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಿಗೆ ಕುಳಿತು, ಸ್ವಲ್ಪ ಹೊತ್ತಿನಲ್ಲಿ ವೈಜೆನ್‌ಬಾಮರನ್ನು ಹೊರಗೆ ಹೋಗುವಂತೆ ಕೇಳಿಕೊಂಡರು. ಅದರಿಂದ ಬೆಚ್ಚಿದ ಅವರು ಹತ್ತು ವರ್ಷಗಳ ನಂತರ ಯಂತ್ರಕ್ಕೆ ಯಾವ ಕೆಲಸಗಳನ್ನು ಒಪ್ಪಿಸಬಾರದೆಂಬುದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಇಂದಿನ ಯಂತ್ರಗಳು ಎಲೈಜಾಗಿಂತ ಎಷ್ಟೋ ಮುಂದೆ ಬಂದಿವೆ. ನಮ್ಮದೇ ನಗರದ ಐ.ಐ.ಟಿ. ಮದರಾಸಿನಲ್ಲಿರುವ ‘ಎಐ4ಭಾರತ್’ ಸಂಶೋಧಕರು 2023ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅನುವಾದದ ಮಾದರಿಯನ್ನು ಮುಕ್ತವಾಗಿ ನೀಡಿದರು. ಕನ್ನಡವೂ ಅವುಗಳಲ್ಲೊಂದು. ಯಂತ್ರ ಕನ್ನಡ ನುಡಿಯುವುದು ಇನ್ನು ಅಚ್ಚರಿಯ ವಿಷಯವಲ್ಲ. ಯಾರ ಹೆಸರಿನಲ್ಲಿ ನುಡಿಯುತ್ತದೆ ಎಂಬುದೇ ಪ್ರಶ್ನೆ.

ಅದಕ್ಕೆ ಉತ್ತರ ನಮ್ಮ ಸಾಹಿತ್ಯದಲ್ಲಿಯೇ ಇದ್ದಿತು. ಹನ್ನೆರಡನೆಯ ಶತಮಾನದ ಶರಣರ ವಚನಗಳು ಬಿಡಿಬಿಡಿಯಾಗಿ ಹುಟ್ಟಿದವು. ಸುಮಾರು ಮುನ್ನೂರು ವರ್ಷಗಳಾದ ಮೇಲೆ ಶಿವಗಣಪ್ರಸಾದಿ ಮಹಾದೇವಯ್ಯ ಅವನ್ನು ಆಯ್ದು, ಅಲ್ಲಮಪ್ರಭು ನಡುವಿದ್ದು ಇತರರು ಸುತ್ತ ಕುಳಿತು ಮಾತಾಡುವಂತೆ ಜೋಡಿಸಿ ‘ಶೂನ್ಯಸಂಪಾದನೆ’ಯನ್ನು ರಚಿಸಿದನು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಅಕ್ಕಮಹಾದೇವಿಯನ್ನು ಅಲ್ಲಮ ಪ್ರಶ್ನಿಸುವ ಆ ಸಂವಾದ ಯಥಾವತ್ತಾಗಿ ಹಾಗೆಯೇ ನಡೆಯಿತೆಂದು ಯಾರೂ ಸಾಧಿಸಲಾರರು. ಅದು ಸಂಪಾದಕರ ಪ್ರತಿಭೆ. ಆದರೆ ಅವರು ಒಂದನ್ನು ಮಾತ್ರ ಕೆಡಿಸಲಿಲ್ಲ. ವಚನದ ಕೊನೆಗೆ ಅಂಕಿತ ಉಳಿಯಿತು. ‘ಗುಹೇಶ್ವರ’ ಎಂದೊಡನೆ ಅಲ್ಲಮ, ‘ಚೆನ್ನಮಲ್ಲಿಕಾರ್ಜುನ’ ಎಂದೊಡನೆ ಅಕ್ಕ. ಜೋಡಿಸಿದವರ ಮಾತು ಗದ್ಯದಲ್ಲಿ ಬೇರೆಯೇ ನಿಂತಿತು. ಯಾವುದು ಯಾರ ಮಾತು ಎಂಬುದು ಓದುಗನಿಗೆ ಮರೆಯಾಗಲಿಲ್ಲ.

ಶ್ರೀರಾಂಪುರದ ಪಂಡಿತರಿಗೆ ದೊರೆಯದಿದ್ದದ್ದು ಈ ಅಂಕಿತ. ತಾಯಿಯ ಪತ್ರಗಳನ್ನು ಯಂತ್ರಕ್ಕೆ ಕೊಟ್ಟರೆ ಅಳಿಸಿಹೋಗುವುದೂ ಇದೇ. ಯಂತ್ರ ಹೊಸದಾಗಿ ಹೆಣೆದ ವಾಕ್ಯವನ್ನು, ಆ ತಾಯಿ ಎಂದೂ ಆಡದ ಮಾತನ್ನು, ಮೊಮ್ಮಗಳು ಅಜ್ಜಿಯ ಮಾತೆಂದು ಎದೆಯಲ್ಲಿಟ್ಟುಕೊಳ್ಳುತ್ತಾಳೆ. ನಾವು ಬೇಡವೆಂದು ತೀರ್ಮಾನಿಸಿದೆವು. ಪತ್ರ ತಂದವರಿಗೆ ನೋವಾಯಿತು. ಆ ಸಂಜೆ ಅವರು ಕಾಫಿಗೂ ನಿಲ್ಲದೆ ಹೊರಟರು.

ನಮ್ಮ ಅಜ್ಜಿ ಈಗ ಕಲ್ಪಿತ ಪಾತ್ರ. ಮೈಸೂರು ಸೀಮೆಯವಳು. ಅವಳ ಪರಿಚಯದ ಪುಟದಲ್ಲಿ, ಅವಳ ಮಾತಿನ ಮಾದರಿಗಳನ್ನು ಬರೆದುಕೊಟ್ಟ ಮೂವರ ಹೆಸರುಗಳಿವೆ. ಉಳಿದದ್ದನ್ನು ಯಂತ್ರ ಹೆಣೆಯುತ್ತದೆಂಬ ಸೂಚನೆಯೂ ಇದೆ. ಮೊದಲ ದಿನ ಮಗುವೊಂದು ಅವಳಿಗೆ ‘ಅಜ್ಜಿ ಚೆನ್ನಾಗಿದೆಯಾ?’ ಎಂದು ಬರೆಯಿತು. ಅದಕ್ಕೆ ಬಂದ ಉತ್ತರ: ‘ಚೆನ್ನಾಗಿರೋದು ಮನೆ ಕಣೋ. ನಾನು ಚೆನ್ನಾಗಿದ್ದೀನಿ. ನೀನು ಚೆನ್ನಾಗಿದ್ದೀಯಾ?’

ಆ ವಾಕ್ಯವನ್ನು ಬರೆದವರು ಪತ್ರಗಳನ್ನು ತಂದವರೇ. ಮರುವಾರ ಬಂದು, ತಾಯಿ ತಮ್ಮನ್ನು ತಿದ್ದುತ್ತಿದ್ದ ಬಗೆಯನ್ನು ನೆನೆದು ಬರೆದುಕೊಟ್ಟರು. ಅದರ ಕೆಳಗೆ ತಮ್ಮದೇ ಹೆಸರನ್ನು ಹಾಕಿದರು. ಪತ್ರಗಳು ಅವರ ಮನೆಯಲ್ಲಿವೆ. ಮಗಳಿಗೆ ಓದಲು ಬಂದಾಗ ಅವುಗಳನ್ನು ಅವಳೇ ಬಿಚ್ಚಲಿ ಎಂದಿದ್ದಾರೆ. ಅದಕ್ಕೆ ಬೇಕಾದಷ್ಟು ಕನ್ನಡವನ್ನು ಅವಳಿಗೆ ಕಲಿಸುವುದು ನಮ್ಮ ಪಾಲಿನ ಕೆಲಸ.