ಸುಣ್ಣಕಲ್ಲು, ದ್ರಾಕ್ಷಿ ಮತ್ತು ಸೇಂದಿ: ಕೋಡ್ಲಾ ಪರಿಸರದ ಒಂದು ಪರಿಶೀಲನೆ

ದ್ರಾಕ್ಷಾಮದ್ಯದ ಗುಣವು ಬಳ್ಳಿ ಬೇರೂರಿದ ನೆಲದ ಗುಣವನ್ನೇ ಅನುಸರಿಸುವುದೆಂಬ ಮತವು ಫ್ರಾನ್ಸ್ ದೇಶದಲ್ಲಿ ಬಹುಕಾಲದಿಂದ ಮನ್ನಣೆ ಪಡೆದಿದೆ. ಶಾಬ್ಲಿಯ ಬಿಳಿಯ ವೈನು, ಶಾಂಪೇನು, ಸ್ಪೇನಿನ ಹೆರೆಸ್ ಪ್ರಾಂತದ ಶೆರಿ ಈ ಮೂರೂ ಸುಣ್ಣಾಂಶ ಹೇರಳವಾದ ಭೂಮಿಯ ಫಲಗಳು. ಹಾಗಿದ್ದಲ್ಲಿ, ಸೇಡಂ ತಾಲ್ಲೂಕಿನ ಕೋಡ್ಲಾದಿಂದ ಚಿತ್ತಾಪುರ, ವಾಡಿ, ಶಹಾಬಾದಗಳವರೆಗೆ ಪದರಪದರವಾಗಿ ಸುಣ್ಣಕಲ್ಲು ಹಾಸಿಕೊಂಡಿರುವ ಈ ಸೀಮೆಯಲ್ಲಿ ದ್ರಾಕ್ಷಾಮದ್ಯವು ಹುಟ್ಟದೆ, ಈಚಲ ಸೇಂದಿಯೇ ಪರಂಪರೆಯ ಪಾನೀಯವಾದುದೇಕೆಂಬುದು ವಿಚಾರಣೀಯವಾದ ಪ್ರಶ್ನೆ.

ಮೊದಲು ಕಲ್ಲನ್ನೇ ನೋಡುವ. ಶಾಬ್ಲಿಯ ಶಿಲೆಯು ಸುಮಾರು 15 ಕೋಟಿ ವರ್ಷಗಳ ಹಿಂದಿನದು. ಅದರ ತುಣುಕೊಂದನ್ನು ಒಡೆದರೆ ಸಣ್ಣ ಸಿಂಪಿಗಳ ಅವಶೇಷಗಳು ಕಣ್ಣಿಗೆ ಕಾಣುವುವು. ಭೀಮಾ ಶಿಲಾಸಮೂಹಕ್ಕೆ ಸೇರಿದ ನಮ್ಮ ಪರಸಿ ಎಂಬ ಸುಣ್ಣಕಲ್ಲು ಚಿಪ್ಪುಳ್ಳ ಜೀವಿಗಳು ಭೂಮಿಯಲ್ಲಿ ತಲೆದೋರುವುದಕ್ಕಿಂತ ಪೂರ್ವದ್ದು. ಹಾಸಾಗಿ ಎಬ್ಬಿಸಿದರೆ ಮನೆಯ ನೆಲಕ್ಕೂ ಮಾಳಿಗೆಗೂ ಒದಗುವಷ್ಟು ಬಿಗಿಯಾದುದು. ಶಾಂಪೇನ್ ಪ್ರಾಂತದ ಮೆದು ಸೀಮೆಸುಣ್ಣವು ಘನಮೀಟರಿಗೆ 300ರಿಂದ 400 ಲೀಟರ್ ನೀರನ್ನು ಹೀರಿಟ್ಟುಕೊಂಡು, ಬೇಸಗೆಯಲ್ಲಿ ಬೇರುಗಳಿಗೆ ಮೆಲ್ಲಮೆಲ್ಲನೆ ಉಣಿಸುತ್ತದೆ; ಪರಸಿಗೆ ಆ ಶಕ್ತಿಯಿಲ್ಲ. ಹೆಸರಿನಲ್ಲಿ ಒಂದೇ ಆದ ಎರಡು ಕಲ್ಲುಗಳು ಬಳ್ಳಿಗೆ ಎರಡು ಬೇರೆ ಲೋಕಗಳು.

ಸುಣ್ಣವು ಬಳ್ಳಿಗೆ ಸದಾ ಮಿತ್ರನೂ ಅಲ್ಲ. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಹೇನು ಯೂರೋಪಿನ ತೋಟಗಳನ್ನು ಹಾಳುಗೆಡವಲು, ಬೆಳೆಗಾರರು ಅಮೆರಿಕದ ಬೇರಿನ ಮೇಲೆ ತಮ್ಮ ಬಳ್ಳಿಯನ್ನು ಕಸಿಮಾಡಿದರು. ಆದರೆ ಸುಣ್ಣದ ನೆಲದಲ್ಲಿ ಆ ಬೇರುಗಳು ಕಬ್ಬಿಣಾಂಶವನ್ನು ಹೀರಲಾರದೆ ಎಲೆಗಳು ಹಳದಿಗಟ್ಟಿದುವು. ಸುಣ್ಣವನ್ನು ತಾಳುವ ಬಳ್ಳಿಯನ್ನು ಅರಸುತ್ತ ಫ್ರಾನ್ಸಿನ ದ್ರಾಕ್ಷಿತಜ್ಞ ಪಿಯೆರ್ ವಿಯಾಲಾ 1887ರಲ್ಲಿ ಅಮೆರಿಕಕ್ಕೆ ತೆರಳಿ, ಟೆಕ್ಸಾಸಿನ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಬೆಳೆಯುವ ಕಾಡುದ್ರಾಕ್ಷಿಯ ಮಹತ್ತ್ವವನ್ನು ಮನಗಂಡರು.

ಇನ್ನು ಹವೆಯ ಮಾತು. ಯೂರೋಪಿನಲ್ಲಿ ಬಳ್ಳಿಯು ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ. ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದ ನಮ್ಮಲ್ಲಿ ಅದಕ್ಕೆ ಆ ನಿದ್ರೆಯಿಲ್ಲ. ಆದುದರಿಂದಲೇ ನೆರೆಯ ವಿಜಯಪುರದ ರೈತರು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಬಾರಿ ಬಳ್ಳಿ ಸವರಿ, ಮಳೆಗಾಲವನ್ನು ದಾಟಿಸಿ, ಬೇಸಗೆಯ ಮೊದಲಿಗೆ ಹಣ್ಣನ್ನು ಪಡೆಯುವರು. ಇದು ನೀರು, ಬಂಡವಾಳ, ದುಡಿಮೆ ಮೂರನ್ನೂ ಬೇಡುವ ಕೃಷಿ.

ಈಚಲಿಗಾದರೋ ಇದಾವುದೂ ಬೇಡ. ಹಳ್ಳದ ದಡದಲ್ಲಿ ತಾನಾಗಿ ಹುಟ್ಟಿ, ಚಳಿಗಾಲದಲ್ಲಿ ಸಮೃದ್ಧವಾಗಿ ರಸವೀಯುತ್ತದೆ. ಅದರ ಪಾನೀಯವಾದ ಸೇಂದಿಯ ಇನ್ನೊಂದು ಹೆಸರಾದ 'ಕಳ್' ತಮಿಳು, ತೆಲುಗು, ಮಲಯಾಳಗಳಲ್ಲಿಯೂ ಬಳಕೆಯಲ್ಲಿರುವ ಅಚ್ಚ ದ್ರಾವಿಡ ಶಬ್ದ. 'ದ್ರಾಕ್ಷಿ'ಯೋ ಸಂಸ್ಕೃತದಿಂದ ಬಂದುದು. ಸೇಂದಿ ಇಳಿಸುವ ಈಡಿಗನು ಸುಳಿಯ ಕೆಳಗೆ ಒಂದು ವರ್ಷ ಒಂದು ಮಗ್ಗುಲಿಗೆ, ಮರುವರ್ಷ ಎದುರು ಮಗ್ಗುಲಿಗೆ ಕೆತ್ತುತ್ತಿದ್ದುದರಿಂದ, ಮರವು ಬೆಳೆದಂತೆ ಕಾಂಡವು ಅಂಕುಡೊಂಕಾಗಿ, ಕಚ್ಚುಗಳನ್ನು ಎಣಿಸಿ ರಸವಿಳಿಸಿದ ವರ್ಷಗಳನ್ನು ಹೇಳಬಹುದಾಗಿದೆ.

ದ್ರಾಕ್ಷಾರಸವು ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಪಕ್ವವಾಗುವುದಾದರೆ, ಈಚಲ ರಸವು ಗಾಳಿಯಲ್ಲಿಯೂ ಗಡಿಗೆಯಲ್ಲಿಯೂ ಇರುವ ಸೂಕ್ಷ್ಮಜೀವಿಗಳಿಂದ ಕೆಲವೇ ಗಂಟೆಗಳಲ್ಲಿ ಹುಳಿಯೇರಿ ಸೇಂದಿಯಾಗುತ್ತದೆ. ಸಿಹಿಯಾದ ನೀರಾ ಬೇಕೆಂದವನು ಗಡಿಗೆಯ ಒಳಮೈಗೆ ಸುಣ್ಣ ಸವರಿ ಸಂಜೆಗೆ ಕಟ್ಟುತ್ತಿದ್ದನು; ಸುಣ್ಣದ ಕ್ಷಾರವು ಆ ಜೀವಿಗಳನ್ನು ತಡೆಯುವುದರಿಂದ ಮುಂಜಾವಿಗೆ ಸಿಹಿ ಉಳಿದಿರುತ್ತಿತ್ತು. ನಮ್ಮ ಪ್ರಶ್ನೆಗೆ ಉತ್ತರದ ಸುಳಿವು ಇಲ್ಲಿದೆ. ಶಾಂಪೇನಿನಲ್ಲಿ ಬೇರಿನ ಬಳಿ ನಿಂತು ಮದ್ಯಕ್ಕೆ ನೆರವಾದ ಸುಣ್ಣವು ಇಲ್ಲಿ ಗಡಿಗೆಯೊಳಗೆ ಸೇರಿ ಮದ್ಯವಾಗುವುದನ್ನೇ ತಡೆಯಿತು. ಪಾನೀಯವನ್ನು ನಿರ್ಣಯಿಸುವುದು ಕಲ್ಲೊಂದೇ ಅಲ್ಲ. ಅದರೊಡನೆ ನೀರು, ಹವೆ ಮತ್ತು ಮನುಷ್ಯನ ಕೈ ಕೂಡಿದ ಬಗೆ.

ಫ್ರಾನ್ಸಿನ ವಿದ್ವಾಂಸರು ತಮ್ಮ ಕಲ್ಲನ್ನೂ ಬಳ್ಳಿಯನ್ನೂ ಒಟ್ಟಿಗೆ ಅಭ್ಯಸಿಸಿ ಅದನ್ನೊಂದು ಶಾಸ್ತ್ರವನ್ನಾಗಿಸಿದರು. ಇತ್ತ ನಮ್ಮಲ್ಲಿ ಸೇಂದಿ ಇಳಿಸುವುದೇ ನಿಷಿದ್ಧವಾಗಿರುವುದರಿಂದ ಅದರ ಅರಿವು ಅಳಿಯುವಂತಿದೆ. ನಿಷೇಧದ ಯುಕ್ತಾಯುಕ್ತತೆ ಬೇರೆಯ ಚರ್ಚೆ. ಆದರೆ ಕಚ್ಚುಬಿದ್ದ ಮುದಿ ಈಚಲುಗಳೂ ಆ ಕಚ್ಚನ್ನು ಓದಬಲ್ಲ ಹಿರಿಯರೂ ಇರುವಾಗಲೇ ಸೇಡಂ, ಚಿಂಚೋಳಿಗಳ ಈಡಿಗರ ಅರಿವನ್ನು ಬರೆದಿಡುವುದು ನಮ್ಮ ವಿದ್ವತ್ತಿನ ಮೇಲಿರುವ ಋಣ.