ಬುನಾದಿ ಮತ್ತು ಸುರ್ಕಿ
ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳಲ್ಲಿ ಇಂದು ಸಾಲ ಮಾಡಿಯಾದರೂ ಮನೆಗೆ ಸ್ಲ್ಯಾಬ್ ಹಾಕಿಸುತ್ತಾರೆ. ಸಿಮೆಂಟಿಲ್ಲದ್ದು ನಿಲ್ಲದೆಂಬ ನಂಬಿಕೆ. ಆದರೆ ಪಕ್ಕದ ಹೊಸಪೇಟೆಯಲ್ಲಿ 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟಿನ ಕಲ್ಲುಗಳನ್ನು ಬಹುಮಟ್ಟಿಗೆ ಹಿಡಿದಿರುವುದು ಸುಣ್ಣ, ಸುರ್ಕಿಯ ಗಾರೆ. ಸುರ್ಕಿಯೆಂದರೆ ಸುಟ್ಟ ಮಣ್ಣಿನ ಪುಡಿ. ಫಾರಸಿಯ 'ಸುರ್ಖ್', ಅಂದರೆ ಕೆಂಪು, ಅದರ ಮೂಲ. 'ಬುನಾದಿ'ಯೂ ಅದೇ ನುಡಿಯಿಂದ ಬಂದದ್ದು. ಪದಗಳಿಗೂ ಜಾತಿ ಹುಡುಕುವವರು ತಮ್ಮ ಮನೆಯ ಪಾಯವನ್ನೊಮ್ಮೆ ನೋಡಿಕೊಳ್ಳಲಿ!

ಆ ಅಣೆಕಟ್ಟಿನ ಹಿಂದೆ ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ಊರುಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಯಲ್ಲಿ ಮತ್ತೆ ಪಾಯ ತೆಗೆದರು. ಮಣ್ಣಿನ ಮಾಳಿಗೆಯ ತೊಲೆ, ಜಂತಿ, ಬಾಗಿಲುಗಳನ್ನು ಬಿಚ್ಚಿ ಬಂಡಿಗೇರಿಸಬಹುದು. ಹಳೆಯ ಬುನಾದಿ ನೀರಿನಡಿಯಲ್ಲೇ ಉಳಿಯಿತು.